ಎರಡು ಹಿಡಿ ಕಡಲೆಬೀಜ

ನಮ್ಮನೆಯವರು ಸುಳ್ಳು ಹೇಳುವವರಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ಹೇಳಿದ ಸುಳ್ಳು ಒಂದೇ ಒಂದು. ಅದನ್ನೂ ಫೋನಿನಲ್ಲಿ ಹೇಳಿದರು, ಹೇಳುವಾಗ ಎದ್ದು ನಿಂತಿದ್ದರು, ಹೇಳಿ ಮುಗಿಸಿದ ಮೇಲೆ ಎರಡು ಲೋಟ ನೀರು ಕುಡಿದರು.

ಆ ಕಡೆಯಿಂದ ಮಾತಾಡುತ್ತಿದ್ದವರು ಅವರ ಸೋದರಮಾವ, ಅಂದರೆ ನಮ್ಮತ್ತೆಯ ಅಣ್ಣ. ಹನ್ನೊಂದು ವರ್ಷದಿಂದ ನಮ್ಮ ಮನೆಯ ಹೊಸ್ತಿಲು ತುಳಿಯದ ಮನುಷ್ಯ. ಹನ್ನೊಂದು ವರ್ಷದ ಹಿಂದೆ ಇದೇ ಮನೆಯಲ್ಲಿ, ಇದೇ ಊಟದ ಮೇಜಿನ ಮುಂದೆ ಕೂತು, ನಮ್ಮತ್ತೆ ಬಡಿಸಿದ ಕಡಲೆಬೀಜದ ಸಾರನ್ನು ಒಂದು ಚಮಚ ಬಾಯಿಗಿಟ್ಟು, "ಇದು ಅಮ್ಮನ ಸಾರಲ್ಲ" ಅಂದಿದ್ದರು. ಅಷ್ಟೇ. ಅತ್ತೆ ಎದ್ದರು, ರೂಮಿಗೆ ಹೋದರು, ಬಾಗಿಲು ಹಾಕಿಕೊಂಡರು. ಮಾವ ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡಿದರು. ಆಮೇಲೆ ಊಟ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಅವರ ಬಟ್ಟಲು ತೊಳೆದವಳು ನಾನು. ಅದರಲ್ಲಿ ಒಂದು ಹನಿ ಸಾರೂ ಉಳಿದಿರಲಿಲ್ಲ. ಇದು ನನಗೆ ವಿಚಿತ್ರ ಅನ್ನಿಸಿತ್ತು. ಆದರೆ ಅವತ್ತು ಈ ಮನೆಯಲ್ಲಿ ಪಾತ್ರೆ ಶಬ್ದ ಮಾಡುವುದಕ್ಕೇ ಹೆದರಿಕೆಯಾಗುತ್ತಿತ್ತು, ಇನ್ನು ಬಾಯಿ ತೆಗೆಯುವುದು ದೂರದ ಮಾತು.

ಈಗ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರು. ಸುದ್ದಿ ಹೇಗೋ ಮಾವನ ಕಿವಿಗೆ ಬಿದ್ದು ಫೋನು ಬಂತು.

"ಭಾನುವಾರ ಬರ್ತೀನಿ ಕಣೋ. ಅವಳನ್ನ ನೋಡ್ಬೇಕು ಅನ್ನಿಸ್ತಿದೆ. ಕೈ ಮುರಿದಿದೆ, ಪಾಪ, ಸಾರು ಗೀರು ಅಂತ ಒದ್ದಾಡೋದು ಬೇಡ."

ಅತ್ತೆ ಪಕ್ಕದ ಕುರ್ಚಿಯಲ್ಲೇ ಇದ್ದರು. ಫೋನಿನ ಮಾತು ಪೂರ್ತಿ ಕೇಳಿಸುತ್ತಿತ್ತು. "ಸಾರು ಬೇಡ" ಅಂದಾಗ ಅವರ ಮುಖ ಒಂದು ಥರ ಆಯಿತು. ಆ ಮುಖ ನೋಡಿಯೇ ನಮ್ಮನೆಯವರು ಎದ್ದು ನಿಂತದ್ದು.

"ಸಾರು ಇರತ್ತೆ ಮಾವ. ನಾನೇ ಮಾಡ್ತೀನಿ. ಅಮ್ಮನ ಸಾರಿನ ಅಳತೆ ನನಗೆ ಬಾಯಿಪಾಠ."

ಅವರಿಗೆ ಅಳತೆ ಬಾಯಿಪಾಠ ಇದ್ದದ್ದು ನಿಜ, ಆದರೆ ಅದು ಪೆಟ್ರೋಲ್ ಬಂಕಿನ ಐದು ಲೀಟರ್ ಪಾತ್ರೆಯ ಅಳತೆ. ನಮ್ಮನೆಯವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ತಪ್ಪಿದ್ದರೆ ತಕ್ಕಡಿಯನ್ನೇ ಎತ್ತಿಕೊಂಡು ಬರುವುದು ಅವರ ಕೆಲಸ. ಅಡುಗೆಮನೆಯಲ್ಲಿ ಅವರ ಅನುಭವ ಬಿಸಿನೀರಿಗೇ ನಿಂತಿತ್ತು.

ಸಾರು ನೀವೇ ಮಾಡಬಹುದಿತ್ತಲ್ಲ ಎಂದು ಯಾರಾದರೂ ನನ್ನನ್ನು ಕೇಳಬಹುದು. ಮದುವೆಯಾದ ಹೊಸದರಲ್ಲಿ ಒಂದು ಸಲ ಮಾಡಿದ್ದೆ. ಅತ್ತೆ ಪೂರ್ತಿ ಉಂಡು, ಕೈ ತೊಳೆದು, "ಬಿಸಿಯಾಗಿತ್ತು" ಅಂದರು. ಅವತ್ತಿನಿಂದ ನಾನು ಆ ಪಾತ್ರೆ ಮುಟ್ಟಿಲ್ಲ.

ಸೋಮವಾರ ಸಂಜೆ ನಮ್ಮನೆಯವರು ನೋಟುಬುಕ್ಕು, ಕೆಂಪು ಪೆನ್ನು, ನೀಲಿ ಪೆನ್ನು ಹಿಡಿದು ತಾಯಿಯ ಮುಂದೆ ಕೂತರು.

"ಹೇಳಮ್ಮ. ಕಡಲೆಬೀಜ ಎಷ್ಟು?"

"ಎರಡು ಹಿಡಿ. ನಮ್ಮಮ್ಮ ಯಾವಾಗ್ಲೂ ಎರಡು ಹಿಡಿ ಅಂತಿದ್ಲು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

"ಹಿಡಿ ಅಂದ್ರೆ ಎಷ್ಟು ಗ್ರಾಂ?"

"ಹಿಡಿ ಅಂದ್ರೆ ಹಿಡಿ ಕಣೋ. ನಿನ್ನ ಹೆತ್ತಾಗ ಯಾರಾದ್ರೂ ಗ್ರಾಂ ಕೇಳಿದ್ರಾ?"

"ಕೇಳಿರ್ತಾರೆ. ಮೂರು ಕಿಲೋ ಇನ್ನೂರು. ಆಸ್ಪತ್ರೆ ಚೀಟಿ ಇನ್ನೂ ನನ್ನ ಹತ್ರ ಇದೆ. ಸರಿ, ನೀರು?"

"ಕಣ್ಣಂದಾಜು."

"ಯಾರ ಕಣ್ಣು?"

"ನನ್ನ ಕಣ್ಣು! ಇನ್ನೇನು ಎದುರುಮನೆ ಹೆಡ್‌ಮಾಸ್ಟರ ಕಣ್ಣು ತರೋಕಾಗತ್ತಾ?"

ಅವರು ಗಂಭೀರವಾಗಿ ಬರೆದುಕೊಂಡರು: ನೀರು, ಅಮ್ಮನ ಕಣ್ಣು.

"ಬೀಜ ಎಷ್ಟು ನಿಮಿಷ ಹುರೀಬೇಕು?"

"ಘಮ ಬರೋ ತನಕ."

"ಎಲ್ಲಿಗೆ ಬರೋ ತನಕ? ಒಲೆ ಹತ್ರಕ್ಕಾ, ಬಾಗಿಲಿಗಾ, ಮುಂದಿನ ಹಾಲಿಗಾ?"

ಅತ್ತೆ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಉಳಿದದ್ದನ್ನು ಅವರು ಬೇಗ ಬೇಗ ಹೇಳಿ ಮುಗಿಸಿದರು. ಹುರಿದ ಬೀಜದ ಸಿಪ್ಪೆ ತೆಗೆದು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ ಜೊತೆ ನುಣ್ಣಗೆ ರುಬ್ಬಬೇಕು. ಈರುಳ್ಳಿ, ಟೊಮೆಟೊ ಬಾಡಿಸಿ, ಆಲೂಗಡ್ಡೆ ಬೇಯಿಸಿ, ರುಬ್ಬಿದ್ದನ್ನು ಹಾಕಿ, ಎಣ್ಣೆ ಮೇಲೆ ತೇಲುವ ತನಕ ಸಣ್ಣ ಉರಿಯಲ್ಲಿ ಬಿಡಬೇಕು. ನಮ್ಮನೆಯವರು ಎಲ್ಲವನ್ನೂ ಬರೆದುಕೊಂಡು, ಪುಟದ ನೆತ್ತಿಯ ಮೇಲೆ "ಎರಡು ಹಿಡಿ ಮಾತ್ರ" ಎಂದು ಬರೆದು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದರು. ಈ ಎರಡು ಗೆರೆ ಮುಂದೆ ಎಷ್ಟು ದೂರ ಹೋಯಿತು ಎಂಬುದು ಅವರಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಮಂಗಳವಾರ ಹುರಿಯುವ ಪರೀಕ್ಷೆ ನಡೆಯಿತು. ನನ್ನನ್ನು ಕೈಗಡಿಯಾರ ಕೊಟ್ಟು ಹಾಲಿನಲ್ಲಿ ನಿಲ್ಲಿಸಿದರು.

"ಬಂತೇನೇ?"

"ಇನ್ನೂ ಇಲ್ಲ."

"ಈಗ?"

"ಇಲ್ಲ ರೀ."

ಅಷ್ಟರಲ್ಲಿ ಕೆಳಗಿನ ಮನೆಯಿಂದ ಟೈಲರಮ್ಮನ ಕೂಗು ಬಂತು. "ಅಕ್ಕಾ, ಒಲೆ ಮೇಲೆ ಏನೋ ಹೊತ್ತಿ ಉರೀತಿದೆ! ಮನೇಲಿ ಇದೀರಾ ಇಲ್ವಾ?"

ಬಾಣಲೆಯಲ್ಲಿ ಇದ್ದಿಲು ಇತ್ತು. ನಮ್ಮನೆಯವರು ಎದೆಗುಂದಲಿಲ್ಲ. "ಘಮ ಹಾಲಿಗೆ ಬರುವುದಿಲ್ಲ, ಕಿಟಕಿಯಿಂದ ಕೆಳಮನೆಗೆ ಹೋಗುತ್ತದೆ. ಕಿಟಕಿ ಮುಚ್ಚತಕ್ಕದ್ದು" ಎಂದು ಬರೆದುಕೊಂಡರು.

ದೊಡ್ಡ ಸಮಸ್ಯೆ ಹಿಡಿಯದ್ದು. ಅತ್ತೆಯ ಬಲಗೈ ಮಡಚುವ ಹಾಗಿಲ್ಲ. ಎಡಗೈಯಲ್ಲಿ ಮೂರು ಸಲ ಬೀಜ ಹಿಡಿಸಿ ತೂಗಿದರು. ಮೂವತ್ತೆಂಟು ಗ್ರಾಂ, ನಲವತ್ತಾರು ಗ್ರಾಂ, ನಲವತ್ತೊಂದು ಗ್ರಾಂ.

"ಅಮ್ಮ, ಅಂಗಡಿಯವನು ಯಾರಾದ್ರೂ ಹೀಗೆ ತೂಗಿದ್ರೆ ಅವನ ತಕ್ಕಡಿ ಎತ್ಕೊಂಡು ಬರ್ತೀನಿ."

"ಎತ್ಕೊಂಡು ಹೋಗಪ್ಪ ನನ್ನ ಕೈನ. ಒಂದು ಆಗ್ಲೇ ಮುರಿದಿದೆ, ಇದನ್ನೂ ತಗೊಂಡು ಹೋಗು."

ಆಗ ಅವರಿಗೆ ಒಂದು ಉಪಾಯ ಹೊಳೆಯಿತು. ಉಪಾಯ ಹೊಳೆದಾಗ ಅವರು ಮೂಗಿನ ತುದಿ ಉಜ್ಜಿಕೊಳ್ಳುತ್ತಾರೆ. ಅದನ್ನು ಕಂಡರೆ ನಾನು ಕೈಗೆ ಸಿಕ್ಕ ಪಾತ್ರೆಗಳನ್ನೆಲ್ಲ ಎತ್ತಿಡುತ್ತೇನೆ. ಅತ್ತೆಯ ಎಡಗೈಯನ್ನು ರಟ್ಟಿನ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಕತ್ತರಿಸಿದರು. ಆಮೇಲೆ ರಟ್ಟನ್ನು ಮಗುಚಿ ಹಿಡಿದು, ಹೊಸ ದ್ವೀಪ ಕಂಡವರ ಹಾಗೆ ನಮ್ಮಿಬ್ಬರನ್ನೂ ನೋಡಿದರು.

"ತಿರುಗಿಸಿದ್ರೆ ಬಲಗೈ!"

ಇನ್ನು ಇದೇ ಅಳತೆಯ ಕೈಯನ್ನು ಬೀದಿಯಲ್ಲಿ ಹುಡುಕುವುದೊಂದೇ ಬಾಕಿ. "ಯಾಕೆ ಏನು ಅಂತ ಯಾರಿಗೂ ಹೇಳ್ಬೇಡ" ಎಂದು ನನಗೆ ತಾಕೀತು ಮಾಡಿದರು. ಅಳತೆ ಬಾಯಿಪಾಠ ಎಂದು ಮಾವನಿಗೆ ಹೇಳಿಯಾಗಿತ್ತಲ್ಲ, ಅದು ಬಯಲಾಗಬಾರದು. ಮನೆಯ ತಕ್ಕಡಿಯ ಮೇಲೆ ಅವರಿಗೆ ನಂಬಿಕೆ ಇಲ್ಲ. ಆದ್ದರಿಂದ ಇಲಾಖೆಯ ಮರದ ಪೆಟ್ಟಿಗೆ, ಅದರೊಳಗಿನ ಹಿತ್ತಾಳೆ ತೂಕಗಳು, ಪುಟ್ಟ ತಕ್ಕಡಿ, ರಟ್ಟಿನ ಕೈ, ನೋಟುಬುಕ್ಕು, ಒಂದು ಡಬ್ಬಿ ಕಡಲೆಬೀಜ, ಎಲ್ಲಾ ಹೊತ್ತುಕೊಂಡು ಬುಧವಾರ ಸಂಜೆ ಹೊರಟರು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ.

ಮೊದಲು ಎದುರುಮನೆ. ಅಲ್ಲಿಯ ಹೆಡ್‌ಮಾಸ್ಟರು ನಿವೃತ್ತರಾಗಿ ಆರು ವರ್ಷ. ಆದರೂ ಬೀದಿಯನ್ನು ಒಂದು ತರಗತಿ ಎಂದೇ ತಿಳಿದಿದ್ದಾರೆ.

"ಇದು ಯಾರ ಕೈ ಇನ್‌ಸ್ಪೆಕ್ಟ್ರೇ?"

"ಅದನ್ನ ಹೇಳೋ ಹಾಗಿಲ್ಲ ಮೇಷ್ಟ್ರೇ. ನೀವು ಸುಮ್ನೆ ಒಂದು ಹಿಡಿ ಬೀಜ ತಗೊಳ್ಳಿ."

"ಇಲಾಖೆ ಕೆಲಸಾನೋ?"

ನಮ್ಮನೆಯವರಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ, ನಿಜ ಹೇಳುವ ಹಾಗಿರಲಿಲ್ಲ. "ತೂಕದ ಕೆಲಸ" ಅಂದರು. ಹೆಡ್‌ಮಾಸ್ಟರು ನಿಧಾನವಾಗಿ ತಲೆಯಾಡಿಸಿದರು. ಬಗ್ಗಿ ನೋಟುಬುಕ್ಕಿನ ಕಡೆ ನೋಡಿದ್ದು ನನಗೆ ಕಾಣಿಸಿತು.

ಹನ್ನೆರಡು ಮನೆ ಸುತ್ತಿದ ಮೇಲೆ ಬೇಕಾಗಿದ್ದ ಕೈ ನಮ್ಮ ಕೆಳಗಿನ ಮನೆಯಲ್ಲೇ ಸಿಕ್ಕಿತು. ಟೈಲರಮ್ಮ ಹೊಲಿಗೆ ಯಂತ್ರದಿಂದ ಏಳದೆ ರಟ್ಟಿನ ಮೇಲೆ ಅಂಗೈ ಇಟ್ಟರು. ಕೂದಲೆಳೆ ಆಚೀಚೆ ಇಲ್ಲ. ಮೂರು ಸಲ ಬೀಜ ಹಿಡಿದರು. ನಲವತ್ಮೂರು, ನಲವತ್ಮೂರು, ನಲವತ್ಮೂರು.

"ಅಮ್ಮಾ" ಅಂದರು ನಮ್ಮನೆಯವರು. "ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ಇಂಥ ಕೈ ನೋಡಿಲ್ಲ. ಇದಕ್ಕೆ ಮುದ್ರೆ ಒತ್ತಬಹುದು."

ಟೈಲರಮ್ಮ ಗುರುವಾರವೆಲ್ಲ ಯಂತ್ರ ತುಳಿಯಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಕೈ ತೋರಿಸಿದರು. "ಸರ್ಕಾರದವರು ಇಡೀ ಬೀದಿ ಹುಡುಕಿ ಇದನ್ನೇ ಆರಿಸಿದಾರೆ. ಇನ್ಮೇಲೆ ಹಿಡಿ ಅಂದ್ರೆ ಇಷ್ಟೇ."

ಇಷ್ಟು ಸಾಕಿತ್ತು. ಶುಕ್ರವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಹೆಡ್‌ಮಾಸ್ಟರು ಪಾಠ ಮಾಡುತ್ತಿದ್ದರು. ಕಡಲೆಬೀಜಕ್ಕೆ ಅಭಾವ ಬರಲಿದೆ. ಸರ್ಕಾರ ಗುಟ್ಟಾಗಿ ಅಳತೆ ಮಾಡಿಸುತ್ತಿದೆ. ಮನೆಗೆ ಎರಡು ಹಿಡಿ ಮಾತ್ರ. ಕೆಂಪು ಗೆರೆ ಎಳೆದ ಆದೇಶವನ್ನು ಅವರು ಕಣ್ಣಾರೆ ಕಂಡಿದ್ದಾರೆ.

"ಅಂಥದ್ದೇನೂ ಇಲ್ಲ ಮೇಷ್ಟ್ರೇ" ಎಂದು ನಾನು ಬಿಂದಿಗೆ ಇಟ್ಟು ಹೇಳಿದೆ.

"ಹಾಗೇ ಹೇಳ್ಬೇಕು ಅಂತ ನಿಮಗೆ ಆರ್ಡರ್ ಇರತ್ತೆ ತಾಯಿ. ನಮಗೆ ಅರ್ಥ ಆಗಲ್ವಾ?"

"ಇಲ್ಲ ಮೇಷ್ಟ್ರೇ, ನಿಜವಾಗ್ಲೂ..."

"ಸಾಕು ಸಾಕು. ನೀವು ಹೆಚ್ಚು ಮಾತಾಡಿದ್ರೆ ಅವರ ಕೆಲಸಕ್ಕೆ ತೊಂದರೆ."

ನಾನು ಬಿಂದಿಗೆ ತುಂಬುವುದನ್ನೂ ಮರೆತು ಮನೆಗೆ ಬಂದೆ. ಪರದೆಯ ಸಂದಿಯಿಂದ ನೋಡಿದರೆ ಇಡೀ ಬೀದಿ ಚೀಲ ಹಿಡಿದು ಮೂಲೆಯ ಕಿರಾಣಿ ಅಂಗಡಿಯ ಕಡೆಗೆ ನಡೆಯುತ್ತಿತ್ತು.

ಶನಿವಾರ ಮನೆಯ ಡಬ್ಬಿ ಖಾಲಿ. ಇದ್ದ ಬೀಜವೆಲ್ಲ ಪರೀಕ್ಷೆಗಳಲ್ಲಿ ಇದ್ದಿಲಾಗಿತ್ತು. ನಮ್ಮನೆಯವರು ಅಂಗಡಿಗೆ ಹೋದರು. ನಾನೂ ಜೊತೆಗೆ ಹೋದೆ, ಅವರೊಬ್ಬರನ್ನೇ ಕಳಿಸುವ ಧೈರ್ಯ ನನಗಿರಲಿಲ್ಲ. ಅಂಗಡಿಯವರು ನಮ್ಮನ್ನು ಕಂಡದ್ದೇ ತಕ್ಕಡಿ ಒರೆಸಿ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ನಿಂತರು.

"ಅರ್ಧ ಕಿಲೋ ಕಡಲೆಬೀಜ ಕೊಡಿ."

"ಪರೀಕ್ಷೆ ಮಾಡ್ತಿದೀರಾ ಸ್ವಾಮಿ? ಒಂದು ಕಾಳೂ ಇಲ್ಲ. ನಾನು ಕಾನೂನಿಗೆ ತಲೆಬಾಗೋನು. ಚಿಕ್ಕ ಮಕ್ಕಳಿಗೆ ಸುಮ್ನೆ ಒಂದು ಹಿಡಿ ಕೊಡ್ತಿದ್ದೆ, ಅದನ್ನೂ ನಿಲ್ಸಿಬಿಟ್ಟೆ."

"ಯಾಕೆ ನಿಲ್ಸಿದ್ರಿ?"

"ನನ್ನ ಹಿಡಿಗೆ ಮುದ್ರೆ ಇಲ್ಲವಲ್ಲ ಸ್ವಾಮಿ!"

ಇನ್ನೂ ಮೂರು ಅಂಗಡಿ ತಿರುಗಿದೆವು. ಎಲ್ಲಿಯೂ ಬೀಜವಿಲ್ಲ, ನಮ್ಮ ಬೀದಿಯವರು ಅಲ್ಲಿಗೂ ಹೋಗಿ ಬಂದಿದ್ದರು. ಮನೆಗೆ ಬಂದು ನಮ್ಮನೆಯವರು ಖಾಲಿ ಬಾಣಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ಒಳಗೆ ಅತ್ತೆ ಎಡಗೈಯಲ್ಲೇ ಒಳ್ಳೆಯ ಸೀರೆ ತೆಗೆದು ಮಂಚದ ಮೇಲೆ ಹರವಿಟ್ಟಿದ್ದರು. ಅಣ್ಣನಿಗಾಗಿ ದಿಂಬಿನ ಕವರು ಬದಲಾಯಿಸಲು ನನಗೆ ಎರಡು ಸಲ ಹೇಳಿದ್ದರು.

"ನಾಳೆ ಮಾವ ಬಂದಾಗ ಸಾರಿಲ್ಲ ಅಂದ್ರೆ," ಅಂದರು ನಮ್ಮನೆಯವರು ಮೆಲ್ಲಗೆ, "ಅಮ್ಮ ಮತ್ತೆ ರೂಮಿಗೆ ಹೋಗಿ ಬಾಗಿಲು ಹಾಕ್ಕೋತಾಳೆ. ಅವಳಿಗೆ ಎಪ್ಪತ್ತೆರಡು. ಮಾವನಿಗೆ ಎಪ್ಪತ್ತೈದು. ಇನ್ನೊಂದು ಹನ್ನೊಂದು ವರ್ಷ ಅವರ ಹತ್ರ ಇಲ್ಲ ಕಣೇ."

ಬಾಣಲೆ ಉಜ್ಜುತ್ತಾ ನಿಂತೆ. ಇದ್ದಿಲಿನ ಕಲೆ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಬಾಗಿಲು ಬಡಿದ ಸದ್ದು. ತೆರೆದರೆ ಹೆಡ್‌ಮಾಸ್ಟರು, ಕಂಕುಳಲ್ಲಿ ಒಂದು ದೊಡ್ಡ ಡಬ್ಬಿ. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ದುಂಡಗಿನ ಅಕ್ಷರ: "ಸ್ವಇಚ್ಛೆಯಿಂದ ಒಪ್ಪಿಸಿದ್ದು."

"ಇನ್‌ಸ್ಪೆಕ್ಟ್ರೇ, ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ಕಿಲೋ ಇಟ್ಕೊಂಡಿದೀನಿ. ಎರಡು ಹಿಡಿ ಮನೇಲಿಟ್ಟು ಉಳಿದದ್ದು ತಂದಿದೀನಿ. ನನ್ನ ಪಿಂಚಣಿಗೆ ತೊಂದರೆ ಮಾಡ್ಬೇಡಿ."

ಅವರ ಹಿಂದೆ ಟೈಲರಮ್ಮ. ಅವರ ಹಿಂದೆ ಕಿರಾಣಿ ಅಂಗಡಿಯವರು, ಗೋಡೌನಿನಲ್ಲಿ "ಹೇಗೋ ಉಳಿದುಹೋಗಿದ್ದ" ಒಂದು ಮೂಟೆಯ ಜೊತೆ. ಅವರ ಹಿಂದೆ ಮೆಟ್ಟಿಲ ತುದಿಯವರೆಗೂ ಜನ. ಒಬ್ಬೊಬ್ಬರ ಕೈಯಲ್ಲೂ ಡಬ್ಬಿ, ಚೀಲ, ಪೊಟ್ಟಣ. ಬೀದಿ ಹೆದರಿ ಕೊಂಡಿದ್ದ ಕಡಲೆಬೀಜ ಹೆದರಿಯೇ ನಮ್ಮ ಮನೆಗೆ ನಡೆದು ಬಂದಿತ್ತು.

ನಮ್ಮನೆಯವರು ಮೊದಲು ಅವರನ್ನು ನೋಡಿದರು, ಆಮೇಲೆ ಬೀಜ ನೋಡಿದರು. ಆಮೇಲೆ, ಆ ಮನುಷ್ಯ ಅಷ್ಟು ಪ್ರಾಮಾಣಿಕ ನೋಡಿ, ಕೈಮುಗಿದು ನಿಜ ಹೇಳಿಯೇಬಿಟ್ಟರು. "ಆದೇಶ ಗೀದೇಶ ಏನೂ ಇಲ್ಲ. ನಮ್ಮಮ್ಮನ ಅಣ್ಣ ಹನ್ನೊಂದು ವರ್ಷ ಆದ್ಮೇಲೆ ಊಟಕ್ಕೆ ಬರ್ತಿದಾರೆ. ನಾನು ಸಾರು ಮಾಡ್ಬೇಕು. ನನಗೆ ಬರಲ್ಲ. ಅಮ್ಮನ ಕೈ ಮುರಿದಿದೆ. ಬೇಕಾಗಿದ್ದದ್ದು ಎರಡು ಹಿಡಿ ಬೀಜ ಅಷ್ಟೇ."

ಬೈಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಹಾಗಾದ್ರೆ ನನ್ನ ಕೈ?" ಅಂದರು ಟೈಲರಮ್ಮ.

"ನಿಮ್ಮ ಕೈ ನಮ್ಮಮ್ಮನ ಕೈ ತಾಯಿ."

ಟೈಲರಮ್ಮ ಒಂದು ಗಳಿಗೆ ಯೋಚಿಸಿದರು. ಸರ್ಕಾರ ಹೋಯಿತು, ಆದರೆ ಸಿಕ್ಕಿದ್ದು ಕಮ್ಮಿಯೇನಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ದಾರಿ ಬಿಡಿ, ಬಾಣಲೆ ಎಲ್ಲಿ?" ಎನ್ನುತ್ತಾ ಒಳಗೆ ನುಗ್ಗಿದರು. ಹೆಡ್‌ಮಾಸ್ಟರು "ಮೊದಲೇ ಹೇಳೋದಲ್ವಾ, ಅನುಮಾನ ನನಗೆ ಇದ್ದೇ ಇತ್ತು" ಅಂದು ಕೂತು ಈರುಳ್ಳಿ ಸುಲಿಯತೊಡಗಿದರು. ನಿಜ ಗೊತ್ತಾದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಇಷ್ಟು ಹೆದರಿಸಿದ ಸಾರು ಹೇಗಿರುತ್ತದೆ ಎಂದು ನೋಡಬೇಡವೇ?

ಇಷ್ಟು ಜನಕ್ಕೆ ಎರಡು ಹಿಡಿ ಸಾಲದು. ನಮ್ಮನೆಯವರು ನೋಟುಬುಕ್ಕಿನಲ್ಲಿ ಗುಣಾಕಾರ ಮಾಡಿದರು, ಟೈಲರಮ್ಮ ಹಿಡಿ ಹಿಡಿಯಾಗಿ ಬೀಜ ಹಾಕಿದರು, ಒಂದೊಂದು ಹಿಡಿಯನ್ನೂ ನಮ್ಮನೆಯವರು ತೂಗಿದರು. ಈ ಹೊತ್ತಿಗೆ ಸರಿಯಾಗಿ ಕೆಳಗೆ ಜೀಪು ನಿಂತಿತು. ಇಳಿದವರು ನಮ್ಮನೆಯವರ ಮೇಲಧಿಕಾರಿ. ಭಾನುವಾರವೂ ಟೈ ಕಟ್ಟಿದ್ದರು. ಮೂಲೆ ಅಂಗಡಿಯ ಗಿರಾಕಿ ಯಾರೋ ದೂರು ಕೊಟ್ಟಿದ್ದರಂತೆ: ನಿಮ್ಮ ಇನ್‌ಸ್ಪೆಕ್ಟರು ಜನರ ಮುಷ್ಟಿ ತೂಗುತ್ತಿದ್ದಾರೆ.

ಸಾಹೇಬರು ಹಾಲಿಗೆ ಕಾಲಿಟ್ಟು ಕಂಡದ್ದು ಇಷ್ಟು. ಸಾಲಾಗಿ ಇಟ್ಟ ಮೂವತ್ತು ಡಬ್ಬಿ, ಒಂದು ಮೂಟೆ. ಸುತ್ತ ವಿನಯದಿಂದ ನಿಂತ ಬೀದಿ. ನಡುವೆ ಇಲಾಖೆಯ ಪೆಟ್ಟಿಗೆ ತೆರೆದುಕೊಂಡು, ಏಪ್ರನ್ ಕಟ್ಟಿದ ತಮ್ಮ ಇನ್‌ಸ್ಪೆಕ್ಟರು.

"ಏನ್ರೀ ಇದು? ಲಂಚಾನ ಕಡಲೆಬೀಜದಲ್ಲಿ ವಸೂಲಿ ಮಾಡ್ತಿದೀರಾ?"

"ಸಾಹೇಬ್ರೇ, ಇದು ಸಾರಿಗೆ..."

"ಮೂಟೆ ಬೀಜದ ಸಾರು? ಯಾರಿಗೆ, ಸೈನ್ಯಕ್ಕಾ?"

ಎಲ್ಲರೂ ಒಟ್ಟಿಗೆ ಮಾತಾಡಿದರು. ಹೆಡ್‌ಮಾಸ್ಟರು ಈರುಳ್ಳಿಯ ಕಣ್ಣೀರು ಸುರಿಸುತ್ತಾ ನಮ್ಮನೆಯವರ ಗುಣಗಾನ ಮಾಡಿದರು. ಕಣ್ಣೀರು ನೋಡಿ ಸಾಹೇಬರಿಗೆ ಅನುಮಾನ ಇನ್ನೂ ಬಲವಾಯಿತು. "ಆ ಮಾವ ಅನ್ನೋರು ನಿಜವಾಗ್ಲೂ ಬರ್ತಾರೋ ಇಲ್ವೋ ನೋಡೇ ಹೋಗ್ತೀನಿ. ಬರದಿದ್ರೆ ನಾಳೆ ನಿಮಗೆ ನೋಟೀಸು" ಎಂದು ಒಂದು ಕುರ್ಚಿ ಎಳೆದುಕೊಂಡು ಕೂತರು.

ಮಾವ ಬಂದರು. ಹನ್ನೆರಡೂವರೆಗೆ, ಕೈಯಲ್ಲೊಂದು ಬಟ್ಟೆ ಚೀಲ, ಹನ್ನೊಂದು ವರ್ಷದಷ್ಟು ಬಾಗಿದ ಬೆನ್ನು. ಮನೆ ತುಂಬ ಜನ ನೋಡಿ ಬಾಗಿಲಲ್ಲೇ ತಡವರಿಸಿದರು. "ಏನಾಯ್ತು? ಅವಳು ಹುಷಾರಾಗಿದಾಳೆ ತಾನೆ?"

"ಹುಷಾರಾಗೇ ಇದೀನಿ" ಅಂದರು ಅತ್ತೆ ಒಳಗಿನಿಂದ. "ಸಾಯೋದಿದ್ರೆ ನಿನಗೆ ಹೇಳಿ ಸಾಯ್ತೀನಿ. ಬಾ, ಕೂತ್ಕೋ."

ಮಾವ ಮೇಜಿನ ಮುಂದೆ ಕೂತರು. ಅತ್ತೆ ಎದುರಿಗೆ ಕೂತರು, ಪ್ಲಾಸ್ಟರಿನ ಕೈ ಮಡಿಲಲ್ಲಿ. ನಮ್ಮನೆಯವರು ಬಟ್ಟಲು ತಂದಿಟ್ಟರು. ಬಣ್ಣ ಚೆನ್ನಾಗಿತ್ತು, ಎಣ್ಣೆ ಮೇಲೆ ತೇಲುತ್ತಿತ್ತು, ಘಮ ಈ ಸಲ ಹಾಲಿಗೂ ಬಂದಿತ್ತು. ಬೀದಿಯವರು ಬಟ್ಟಲು ಹಿಡಿದು ಬಾಗಿಲುಗಳನ್ನೆಲ್ಲ ತುಂಬಿ ನಿಂತಿದ್ದರು. ಸಾಹೇಬರು ಸಾಕ್ಷಿಯ ಹಾಗೆ ಮುಂದಕ್ಕೆ ಬಾಗಿದರು.

ಮಾವ ಒಂದು ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ನುಂಗಿದರು.

"ಇದು ಅಮ್ಮನ ಸಾರಲ್ಲ" ಅಂದರು.

ಅದೇ ಮಾತು, ಅದೇ ಮೇಜು. ನಮ್ಮನೆಯವರ ಕೈಯಿಂದ ಸೌಟು ಜಾರಿತು. ಅತ್ತೆ ಎದ್ದರು. ಹನ್ನೊಂದು ವರ್ಷದ ಹಿಂದೆ ಎದ್ದ ಹಾಗೆಯೇ ಎದ್ದು ರೂಮಿನ ಕಡೆ ತಿರುಗಿದರು.

ರೂಮಿನ ಬಾಗಿಲಲ್ಲಿ ಹೆಡ್‌ಮಾಸ್ಟರು, ಅಂಗಡಿಯವರು, ಟೈಲರಮ್ಮ, ಅವರ ಬೆನ್ನಿಗೆ ಇನ್ನೂ ಆರು ಜನ. ಒಬ್ಬರು ಸರಿಯಬೇಕೆಂದರೆ ಇನ್ನೊಬ್ಬರ ಬಟ್ಟಲು ಚೆಲ್ಲಬೇಕು. ಅತ್ತೆ ಬಲಕ್ಕೆ ನೋಡಿದರು. ಅಲ್ಲಿ ಮೂಟೆ. ಎಡಕ್ಕೆ ನೋಡಿದರು. ಅಲ್ಲಿ ಸಾಹೇಬರು.

"ಇವತ್ತಾದ್ರೂ ಕೂತ್ಕೋ ಮಾರಾಯ್ತಿ" ಅಂದರು ಮಾವ. "ಒಂದು ಮಾತು ಹನ್ನೊಂದು ವರ್ಷದಿಂದ ಅರ್ಧಕ್ಕೇ ನಿಂತಿದೆ. ಮುಗಿಸೋಕೆ ಬಿಡು."

"ಯಾವ ಅರ್ಧ? ಹೇಳೋದೆಲ್ಲ ಹೇಳಿದ್ಯಲ್ಲ."

"ಎಲ್ಲಿ ಹೇಳಿದೆ? ಅಮ್ಮನ ಸಾರು ನೀರು ನೀರಾಗಿರ್ತಿತ್ತು, ನಿಂದು ಗಟ್ಟಿಯಾಗಿದೆ, ಇದೇ ಚೆನ್ನಾಗಿದೆ ಅನ್ನೋಕೆ ಹೊರಟಿದ್ದೆ. ನೀನು ಆಗ್ಲೇ ಬಾಗಿಲು ಹಾಕ್ಕೊಂಡ್ಯಲ್ಲ. ಆಮೇಲೆ ಯಾರಿಗೆ ಹೇಳ್ಲಿ, ಪಾತ್ರೆಗಾ?"

"ಬಾಗಿಲು ಬಡೀಬಹುದಿತ್ತು."

"ಬಡೀಬಹುದಿತ್ತು" ಅಂದರು ಮಾವ, ತಲೆ ತಗ್ಗಿಸಿ. "ನನಗೂ ಕೊಬ್ಬಿತ್ತು."

ಆಗ ನಾನು, ಹದಿನೆಂಟು ವರ್ಷ ಬಾಯಿ ಬಿಡದವಳು, ಬಾಯಿ ಬಿಟ್ಟೆ. "ಅತ್ತೆ, ಅವತ್ತು ಮಾವನ ಬಟ್ಟಲು ಖಾಲಿಯಾಗಿತ್ತು. ನಾನೇ ತೊಳೆದೆ. ಒಂದು ಹನೀನೂ ಇರ್ಲಿಲ್ಲ."

ಅತ್ತೆ ನನ್ನನ್ನು ನೋಡಿದರು. "ಇದನ್ನ ಈಗ ಹೇಳ್ತೀಯಾ?" ಅಂದವರು ಕುರ್ಚಿಯಲ್ಲಿ ಕೂತರು.

"ಆದ್ರೆ ಮಾವ" ಅಂದರು ನಮ್ಮನೆಯವರು. ಅವರಿಗೆ ಬೇರೆಯದೇ ಚಿಂತೆ. "ಅಜ್ಜಿದೂ ಎರಡು ಹಿಡಿ, ಅಮ್ಮಂದೂ ಎರಡು ಹಿಡಿ. ಅದು ಹೇಗೆ ನೀರು, ಇದು ಹೇಗೆ ಗಟ್ಟಿ?"

ಮಾವ ನಕ್ಕರು. "ಅಮ್ಮನ ಹಿಡಿ ಅಂತ ಯಾರು ಹೇಳಿದ್ದು? ಅವಳು ಬೀಜ ಮುಟ್ತಾನೇ ಇರ್ಲಿಲ್ಲ. ನಂದೊಂದು ಹಿಡಿ, ಇವಳದೊಂದು ಹಿಡಿ. ನಾವಿಬ್ರೂ ಜಗಳ ಆಡ್ಬಾರದು ಅಂತ ಒಬ್ಬೊಬ್ಬರ ಕೈಲೂ ಹಾಕಿಸ್ತಿದ್ಲು. ಇವಳನ್ನ ಸ್ಟೂಲ್ ಮೇಲೆ ನಿಲ್ಲಿಸ್ಬೇಕಿತ್ತು. ಇವಳ ಮುಷ್ಟೀಲಿ ಆರು ಬೀಜ ಹಿಡಿದ್ರೆ ಹೆಚ್ಚು, ಅದ್ರಲ್ಲೂ ಎರಡು ಬಾಯಿಗೆ. ಆದ್ರೂ ಅಮ್ಮ 'ಎರಡು ಹಿಡಿ, ಎರಡೂ ಸಮ' ಅಂತಿದ್ಲು. ಸಮ ಹೇಗಾಗತ್ತೆ ಅಂತ ನನಗೆ ಉರಿದು ಹೋಗ್ತಿತ್ತು."

ಅತ್ತೆ ತಮ್ಮ ಎಡಗೈಯನ್ನು ಬಿಚ್ಚಿ ನೋಡಿಕೊಂಡರು. "ನನಗೆ ನೆನಪೇ ಇಲ್ವಲ್ಲೋ ಅಣ್ಣ" ಅಂದರು. ದನಿ ಸಣ್ಣದಾಗಿತ್ತು.

ನಮ್ಮನೆಯವರು ಆಗಲೇ ನೋಟುಬುಕ್ಕು ತೆರೆದಿದ್ದರು. "ಆಗ ನಿಮಗೆ ವಯಸ್ಸೆಷ್ಟು ಮಾವ?"

"ನನಗೆ ಆರು, ಇವಳಿಗೆ ಮೂರು. ಬರ್ಕೋ. ಇದನ್ನೂ ಬರ್ಕೋ. ಇವತ್ತಿನ ಸಾರಿಗೆ ಉಪ್ಪೇ ಹಾಕಿಲ್ಲ."

ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ಎಲ್ಲರಿಗೂ ಗೊತ್ತಿತ್ತು, ಮರ್ಯಾದೆಗೆ ಸುಮ್ಮನಿದ್ದರು. ಸಾಹೇಬರಂತೂ ಅರ್ಧ ಬಟ್ಟಲು ಮುಗಿಸಿದ್ದರು.

"ಅಮ್ಮ ಹೇಳ್ಲೇ ಇಲ್ಲ!" ನಮ್ಮನೆಯವರು ಪುಟ ತಿರುವಿದರು. "ನೋಡಿ, ಪಟ್ಟೀಲಿ ಉಪ್ಪಿಲ್ಲ."

"ಉಪ್ಪು ಹಾಕೂ ಅಂತ ಹೇಳ್ಬೇಕೇನೋ ಮಂಕೇ?" ಅತ್ತೆ ನಗುತ್ತಾ ಎದ್ದರು. ಈ ಸಲ ಎಲ್ಲರೂ ದಾರಿ ಬಿಟ್ಟರು. ಡಬ್ಬಿಗೆ ಎಡಗೈ ಹಾಕಿ ಉಪ್ಪು ಮುಷ್ಟಿ ಹಿಡಿದರು.

"ತಡಿ ಅಮ್ಮ, ತೂಕ ಮಾಡ್ತೀನಿ!"

ಅಷ್ಟರಲ್ಲಿ ಉಪ್ಪು ಪಾತ್ರೆಗೆ ಬಿದ್ದಾಗಿತ್ತು. ಸರಿಯಾಗಿಯೂ ಬಿದ್ದಿತ್ತು.

ಹೋಗುವಾಗ ಸಾಹೇಬರು ಇಲಾಖೆಯ ಪೆಟ್ಟಿಗೆಯನ್ನು ಜೀಪಿಗೆ ಹಾಕಿಸಿಕೊಂಡರು. "ಸರ್ಕಾರಿ ತೂಕ ಅಡುಗೆಮನೆಗೆ ಬಂದದ್ದು ತಪ್ಪು" ಅಂದರು ಕಟ್ಟುನಿಟ್ಟಾಗಿ. ಆಮೇಲೆ ತಗ್ಗಿದ ದನಿಯಲ್ಲಿ, "ಒಂದು ಡಬ್ಬೀಲಿ ಸ್ವಲ್ಪ ಹಾಕಿ ಕೊಡಿಮ್ಮ, ಮನೇಲಿ ತೋರಿಸ್ಬೇಕು."

ಮಾವ ಅವತ್ತು ಹೋಗಲಿಲ್ಲ. ದಿಂಬಿನ ಕವರು ಬದಲಾಯಿಸಿದ್ದು ಒಳ್ಳೆಯದೇ ಆಯಿತು.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಗದ್ದಲ. ಪರದೆಯ ಸಂದಿಯಿಂದ ನೋಡಿದೆ. ಸಾಲಾಗಿ ತಾಯಂದಿರು. ಪ್ರತಿಯೊಬ್ಬರ ಸೊಂಟದ ಮೇಲೋ ಬೆರಳು ಹಿಡಿದೋ ಒಂದೊಂದು ಮಗು. ಎಲ್ಲಕ್ಕಿಂತ ಮುಂದೆ ಮೊಮ್ಮಗಳನ್ನು ಎತ್ತಿಕೊಂಡ ಹೆಡ್‌ಮಾಸ್ಟರು.

"ಮೂರು ವರ್ಷದ ಕೈ, ಆರು ವರ್ಷದ ಕೈ ಬೇಕಾಗಿದೆಯಂತಲ್ಲ ತಾಯಿ. ಇನ್‌ಸ್ಪೆಕ್ಟ್ರು ನಿನ್ನೆ ಸಂಜೆನೇ ಹೇಳಿ ಹೋದ್ರು. ಇವಳಿಗೆ ಮೂರು ತುಂಬಿ ಎರಡು ತಿಂಗಳು. ನಡೆಯತ್ತಾ?"

ನಾನು ತಿರುಗಿ ನೋಡಿದೆ. ನಮ್ಮನೆಯವರು ಮೂಗಿನ ತುದಿ ಉಜ್ಜಿಕೊಳ್ಳುತ್ತಿದ್ದರು. ಪೆಟ್ಟಿಗೆಯಿಲ್ಲ, ತೂಕವಿಲ್ಲ, ಪೆನ್ನು ಮಾತ್ರ ಇತ್ತು. ಮೇಜಿನ ಮುಂದೆ ಅಣ್ಣ ತಂಗಿ ಕಾಫಿ ಕುಡಿಯುತ್ತಾ ಯಾವುದೋ ಹಳೆಯ ಸಂಗತಿಗೆ ಜಗಳವಾಡುತ್ತಿದ್ದರು. ನಾನು ದೊಡ್ಡ ಪರಾತ ತಂದು ಹಾಲಿನ ನಡುವೆ ಇಟ್ಟು, ಮೂಟೆಯ ಬಾಯಿ ಬಿಚ್ಚಿದೆ.

ಮೊಮ್ಮಗಳು ಮುಷ್ಟಿ ತುಂಬ ತೆಗೆದುಕೊಂಡಳು. ಎರಡು ಬಾಯಿಗೆ ಹಾಕಿಕೊಂಡಳು, ಒಂದು ಕೆಳಗೆ ಬಿತ್ತು, ನಾಲ್ಕು ಪರಾತಕ್ಕೆ ಬಿದ್ದವು. ಅವಳ ಹಿಂದಿನ ಆರು ವರ್ಷದವನು ಇಪ್ಪತ್ತು ಹಾಕಿದ.

"ಅಮ್ಮ, ಇದನ್ನ ಎಷ್ಟು ಅಂತ ಬರೀಲಿ?" ಅಂದರು ನಮ್ಮನೆಯವರು ಕಂಗಾಲಾಗಿ.

ಅತ್ತೆ ಕಾಫಿ ಲೋಟ ಕೆಳಗಿಡದೆ, ಅಣ್ಣನ ಮುಖ ನೋಡುತ್ತಾ ಹೇಳಿದರು.

"ಎರಡು ಹಿಡಿ. ಎರಡೂ ಸಮ. ಬರ್ಕೋ."

ಅವರು ಬರೆದುಕೊಂಡರು. ಕೆಳಗೆ ಎರಡು ಕೆಂಪು ಗೆರೆಯನ್ನೂ ಎಳೆದರು.